ರಟ್ಟಣ್ಣ ಸವರಿದ ಅಂಚು

ನನ್ನ ಗೆಳೆಯ ತೀರಿಹೋಗಿ ಇಪ್ಪತ್ತು ದಿನವಾಯಿತು. ಪುಸ್ತಕಗಳಿಗೆ ರಟ್ಟು ಹಾಕುತ್ತಿದ್ದ ಅವನನ್ನು ಇಡೀ ಬೀದಿ ರಟ್ಟಣ್ಣ ಎನ್ನುತ್ತಿತ್ತು. ಮೆಟ್ಟಿಲ ಕೆಳಗಿನ ಕೋಣೆ, ಅಂಟಿನ ವಾಸನೆ, ಮೂಲೆಯಲ್ಲಿ ಕಟಿಂಗ್ ಮಷಿನ್. ಬೈಂಡಿಂಗಿಗೆ ಬಂದದ್ದನ್ನೆಲ್ಲ ಓದುತ್ತಿದ್ದ. ಆದರೆ ಹೊಲಿಯುವಾಗ ಸೂಜಿಯ ಮುಂದೆ ತೆರೆದುಕೊಂಡ ನಡುವಿನ ಪುಟಗಳನ್ನಷ್ಟೇ. ಹೀಗಾಗಿ ನೂರಾರು ಕತೆಗಳ ನಡುಭಾಗ ಅವನಿಗೆ ಗೊತ್ತಿತ್ತು, ಕೊನೆ ಗೊತ್ತಿರಲಿಲ್ಲ. ಕೊನೆ ಹೇಳಲು ನಾನಿದ್ದೆ. ನಮ್ಮ ಸ್ನೇಹ ಬೆಳೆದದ್ದೇ ಹಾಗೆ.

ಕಟ್ಟಡದ ಹಳೆಯ ಯಜಮಾನರು ತೀರಿಕೊಂಡ ಮೇಲೆ ಅವರ ಮಗ ನೋಟಿಸು ಕಳಿಸಿದ: ಒಂದು ತಿಂಗಳಲ್ಲಿ ಕೋಣೆ ಖಾಲಿ ಮಾಡಬೇಕು. ರಟ್ಟಣ್ಣನ ಕೈಯಲ್ಲಿದ್ದುದು ಹಳೆಯ ಬಾಡಿಗೆ ಕರಾರು ಪತ್ರವೊಂದೇ. ಅದರ ಹೊರ ಅಂಚಿನಲ್ಲಿ ಉದ್ದಕ್ಕೆ, "ಈತ ಈ ಕಸುಬು ಮಾಡುವವರೆಗೆ ಇಲ್ಲೇ ಇರಲಿ" ಎಂದು ಯಜಮಾನರು ಬರೆದು ಸಹಿ ಹಾಕಿದ್ದರು.

ವಕೀಲರನ್ನು ಹಿಡಿ ಎಂದೆ. ಅವನಿಗೆ ಭಯಕ್ಕಿಂತ ಕುತೂಹಲವೇ ಹೆಚ್ಚು. ಮೂರು ದಿನ ನ್ಯಾಯಾಲಯದ ಹಿಂದಿನ ಬೆಂಚಿನಲ್ಲಿ ಕುಳಿತು, ಯಾರು ಏನನ್ನುತ್ತಾರೆ, ಯಾವ ಕಾಗದ ಯಾವಾಗ ಹೊರಬರುತ್ತದೆ ಎಂದೆಲ್ಲ ನೋಡಿ ಬಂದ. ತಾನೇ ವಾದಿಸುವುದೆಂದು ತೀರ್ಮಾನಿಸಿದ.

"ವಕೀಲರ ಪುಸ್ತಕಗಳನ್ನೆಲ್ಲ ಹೊಲಿದವನು ನಾನು. ನನಗ್ಯಾಕೋ ವಕೀಲ?"

"ಬಟ್ಟೆ ಹೊಲಿದ ಮಾತ್ರಕ್ಕೆ ದರ್ಜಿ ಮದುಮಗ ಆಗ್ತಾನೇನ್ರೀ?" ಅಂದರು ಅವನ ಹೆಂಡತಿ, ಅಂಟು ಕಲಸುತ್ತಲೇ.

ಅವನು ನಕ್ಕು, ಕಾಗದಗಳನ್ನೆಲ್ಲ ಜೋಡಿಸಿ ಹೊಲಿದು, ವಾಡಿಕೆಯಂತೆ ಮೂರು ಅಂಚುಗಳನ್ನೂ ಮಷಿನ್‌ಗೆ ಕೊಟ್ಟು ಸಮನಾಗಿ ಸವರಿ, ರಟ್ಟು ಹಾಕಿದ. ಮರುದಿನ ನನ್ನ ಕೈಗಿತ್ತ. ಚೆಲುವಾದ ಪುಸ್ತಕ, ಯಜಮಾನರ ಬರಹವೇ ಇರಲಿಲ್ಲ.

ಕತ್ತರಿಸಿದ ಪಟ್ಟಿಗಳು ಗೋಣಿಚೀಲದಲ್ಲಿದ್ದವು. ನಾನೂ ಅವನ ಹೆಂಡತಿಯೂ ನೆಲಕ್ಕೆ ಸುರಿಯಲು ಹೊರಟರೆ ತಡೆದ. ಕಣ್ಣು ಮುಚ್ಚಿ ಚೀಲದೊಳಗೆ ಕೈಹಾಕಿ, ಒಂದೊಂದನ್ನೇ ಬೆರಳಲ್ಲಿ ಉಜ್ಜಿ ಬಿಡುತ್ತ ಹೋದ. ಕರಾರಿನದು ದಪ್ಪ ಕಾಗದ. ಅರ್ಧ ಗಂಟೆಗೆ ಸಿಕ್ಕಿತು, ಸಹಿ ಸಮೇತ.

"ಬೇರೆಯವರ ಪುಸ್ತಕ ಆಗಿದ್ರೆ, ಅಂಚಲ್ಲಿ ಬರಹ ಇದೆಯಾ ಅಂತ ಒಂದೊಂದು ಹಾಳೇನೂ ನೋಡ್ತೀನಿ ಕಣೋ. ನಂದಲ್ವಾ, ಎಲ್ಲ ಗೊತ್ತು ಅಂದ್ಕೊಂಡೆ," ಎಂದ. ಆ ಸಂಜೆಯೇ, ತಾನು ಪುಸ್ತಕ ಹೊಲಿದುಕೊಟ್ಟಿದ್ದ ವಕೀಲೆಯೊಬ್ಬರ ಬಾಗಿಲು ತಟ್ಟಿದ. ಅವರು ಪಟ್ಟಿಯನ್ನು ಹಾಳೆಗೆ ಹೊಂದಿಸಿ ನೋಡಿ, ಇನ್ನು ಇದನ್ನು ನೀವು ಮುಟ್ಟಬೇಡಿ ಎಂದು ತಾವೇ ಇಟ್ಟುಕೊಂಡರಂತೆ. ತಂದೆಯ ಕೈಬರಹ ಕಂಡ ಮಗ ನೋಟಿಸು ಹಿಂತೆಗೆದುಕೊಂಡ. ರಟ್ಟಣ್ಣ ಕೊನೆಯ ವಾರದವರೆಗೂ ಅದೇ ಕೋಣೆಯಲ್ಲಿ ಹೊಲಿದ.

ಮೊನ್ನೆ ಅವನ ಹೆಂಡತಿ ನಾನು ಬೈಂಡಿಂಗಿಗೆ ಕೊಟ್ಟಿದ್ದ ಹಳೆಯ ಕಾದಂಬರಿಯೊಂದನ್ನು ತಂದುಕೊಟ್ಟರು. ಹೊಲಿಗೆ ಮುಗಿದಿತ್ತು, ರಟ್ಟು ಬಿದ್ದಿರಲಿಲ್ಲ. ಅಂಚಿನಲ್ಲಿ ನಾನು ಪೆನ್ಸಿಲಿನಿಂದ ಗೀಚಿದ್ದ ಪುಟಗಳಲ್ಲೆಲ್ಲ ಚೀಟಿ, ಅವನ ಅಕ್ಷರ: "ಬರಹ ಇದೆ. ಸವರಬಾರದು."

ಕೊನೆಯ ಪುಟದಲ್ಲೂ ಒಂದಿತ್ತು. ಹಾಗಾದರೆ ಈ ಸಲ ಕತೆಯ ಕೊನೆಯನ್ನೂ ಓದಿದ್ದನೇ? ಕೇಳಬೇಕೆನಿಸುತ್ತದೆ.