ಮಿಲಿಟ್ರಿಯಣ್ಣನಿಗೆ ಬರೆದ ಸನ್ಮಾನಪತ್ರ

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಇನ್ನಂಜೆಯ ಕಡೆಯ ನಮ್ಮ ಯುವಕ ಮಂಡಲಕ್ಕೆ ಆ ವರ್ಷ ಸನ್ಮಾನ ಮಾಡಲು ಜನವೇ ಸಿಕ್ಕಿರಲಿಲ್ಲ. ವಾರ್ಷಿಕೋತ್ಸವವೆಂದರೆ ಸಭೆ, ಸಭೆಯೆಂದರೆ ಸನ್ಮಾನ. ಅದು ಮುಗಿಯದೆ ನಾಟಕದ ಪರದೆ ಮೇಲೇಳುವ ಕ್ರಮ ನಮ್ಮಲ್ಲಿ ಇರಲಿಲ್ಲ. ನಿವೃತ್ತ ಪೋಸ್ಟ್‌ಮ್ಯಾನಿಗೆ ಆಗಿತ್ತು, ಸೂಲಗಿತ್ತಿಗೆ ಆಗಿತ್ತು, ಭೂತದ ಕೋಲದಲ್ಲಿ ದೀವಟಿಗೆ ಹಿಡಿಯುವವರಿಗೆ ಆಗಿತ್ತು. ಬಸ್ ಡ್ರೈವರೊಬ್ಬರಿಗೆ ಹಿಂದಿನ ಸಲ ಮಾಡಿದ್ದು ಮರೆತುಹೋಗಿ ಎರಡು ಸಲ ಆಗಿತ್ತು. ಅವರೂ ನೆನಪಿಸಿರಲಿಲ್ಲ. ಒಟ್ಟಿನಲ್ಲಿ ಊರಿನಲ್ಲಿ ಶಾಲು ಬೀಳದ ಹೆಗಲು ಉಳಿದಿರಲಿಲ್ಲ.

ಸನ್ಮಾನಪತ್ರ ಬರೆಯುವ ಕೆಲಸ ನನ್ನದು. ನಾನು ಪ್ರಾಥಮಿಕ ಶಾಲೆಯ ಮಾಷ್ಟ್ರು, ಸಮಾಸಗಳ ಮೇಲೆ ಮೋಹ ಇದ್ದವನು. ಕಾಪುವಿನಿಂದ ಕಾರ್ಕಳದವರೆಗೆ ನನ್ನ ಪತ್ರಗಳಿಗೆ ಒಳ್ಳೆಯ ಹೆಸರಿತ್ತು. ಈಗ ಗುಟ್ಟು ಬಿಟ್ಟುಕೊಟ್ಟರೆ ನಷ್ಟವಿಲ್ಲ, ಹೇಳಿಬಿಡುತ್ತೇನೆ: ನಾನು ಜೀವಮಾನದಲ್ಲಿ ಬರೆದದ್ದು ಒಂದೇ ಪತ್ರ. ಆಯಾ ವರ್ಷಕ್ಕೆ ತಕ್ಕಂತೆ ಕಸುಬು ಬದಲಿಸುತ್ತಿದ್ದೆ, ಅಷ್ಟೆ. ‘ಮಳೆ ಬಿಸಿಲೆನ್ನದೆ’ ಎಂಬ ಮಾತು ಎಲ್ಲರ ಪಾಲಿಗೂ ಬರುತ್ತಿತ್ತು. ಅದನ್ನು ಟೈಲರೊಬ್ಬರಿಗೂ ಬರೆದಿದ್ದೆ. ಅವರು ಮೂವತ್ತು ವರ್ಷ ಹಂಚಿನ ಮಾಡಿನ ಅಡಿಯಿಂದ ಹೊರಗೆ ಬಂದವರೇ ಅಲ್ಲ.

ಮಂಡಲದ ಅಧ್ಯಕ್ಷರಿಗೆ ಕಾಪುವಿನಲ್ಲಿ ಸೈಕಲ್ ಅಂಗಡಿ. ಮಿಲಿಟ್ರಿಯಣ್ಣನ ನೆನಪಾದದ್ದು ಅವರಿಗೇ. “ಮಾಷ್ಟ್ರೆ, ನಮ್ಮ ಕಾಲಬುಡದಲ್ಲೇ ಒಬ್ಬರು ಯೋಧರು ಇದ್ದಾರೆ ಮಾರಾಯ್ರೆ! ಎಪ್ಪತ್ತೊಂದರ ಯುದ್ಧಕ್ಕೆ ಹೋದವರು!” ಎಂದರು. ನಾವೆಲ್ಲ ಹೌದಲ್ಲ ಎಂದು ತೊಡೆ ತಟ್ಟಿಕೊಂಡೆವು.

ಊರಿಗೆ ಮಿಲಿಟ್ರಿಯಣ್ಣನ ಮೇಲೆ ಕೃತಜ್ಞತೆ ಇರಲಿಲ್ಲವೆಂದು ಯಾರೂ ಹೇಳುವ ಹಾಗಿಲ್ಲ. ಅವರು ಮಂಗಳೂರಿನ ಮಿಲಿಟರಿ ಕ್ಯಾಂಟೀನಿಗೆ ಹೋಗಿ ಚೀಲ ಹಿಡಿದು ಬಸ್ಸಿಳಿಯುವ ದಿನ ಅದು ಉಕ್ಕಿ ಹರಿಯುತ್ತಿತ್ತು. ಆ ಸಂಜೆ ಅವರ ಅಂಗಳದಲ್ಲಿ ದೇಶಭಕ್ತರು ಸಾಲುಗಟ್ಟಿ ಕೂರುತ್ತಿದ್ದರು. ರಮ್ಮಿನ ಬಾಟಲಿ ಖಾಲಿಯಾಗುತ್ತಿದ್ದ ಹಾಗೆ ಗಡಿಯ ಚಿಂತೆಯೂ ಮುಗಿಯುತ್ತಿತ್ತು. ಉಳಿದ ದಿನಗಳಲ್ಲಿ ಅವರು ಬಸಳೆ ಚಪ್ಪರಕ್ಕೆ ನೀರು ಹೊಯ್ಯುವ, ಹೆಚ್ಚು ಮಾತಿಲ್ಲದ, ನೆಟ್ಟಗೆ ನಡೆಯುವ ಮನುಷ್ಯ. ಚಾವಡಿಯಲ್ಲಿ ಬಿಳಿ ಅಕ್ಷರದಲ್ಲಿ ನಂಬರು ಬರೆದ ಕಪ್ಪು ಟ್ರಂಕು ಇತ್ತು. ಅದನ್ನು ನೋಡಿದ ಮೇಲೆ ಮಿಲಿಟರಿಯಲ್ಲಿ ಏನು ಕೆಲಸ ಮಾಡುತ್ತಿದ್ದಿರಿ ಎಂದು ಯಾರೂ ಕೇಳಲಿಲ್ಲ. ಕೇಳುವುದೇನು? ಮಿಲಿಟರಿಯೆಂದರೆ ಬಂದೂಕು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ ನನ್ನದು. ಒಂದೇ ರಾತ್ರಿಯಲ್ಲಿ ಬರೆದು ಮುಗಿಸಿದೆ. ಕೊನೆಗೂ ನನ್ನ ವಿಶೇಷಣಗಳಿಗೆ ತಕ್ಕ ಮನುಷ್ಯ ಸಿಕ್ಕಿದ್ದರು! ‘ವೀರಾಗ್ರಣಿಗಳೇ, ಗುಂಡಿನ ಮಳೆಗೆ ಎದೆಯೊಡ್ಡಿ, ಮುಂಚೂಣಿಯಲ್ಲಿ ನಿಂತು, ಶತ್ರುಪಡೆಯನ್ನು ಧೂಳೀಪಟಗೊಳಿಸಿದ ತಮ್ಮ ಬಾಹುಬಲವನ್ನು...’ ಹೀಗೆ ನಾಲ್ಕು ಪ್ಯಾರಾ. ಉಡುಪಿಯ ಮುದ್ರಣಾಲಯದಲ್ಲಿ ಬಂಗಾರದ ಅಂಚು ಹಾಕಿಸಿ ಮುದ್ರಿಸಿದೆವು. ಗಾಜು ಹಾಕಿ ಫ್ರೇಮು ಕಟ್ಟಿಸಿದೆವು. ಆಮೇಲೆ, ಸಭೆಗೆ ಎರಡು ದಿನ ಇರುವಾಗ, ನಾನು ಅದನ್ನು ಪೇಪರಿನಲ್ಲಿ ಸುತ್ತಿಕೊಂಡು ಅವರ ಮನೆಗೆ ಹೋದೆ.

ಅವರು ಕನ್ನಡಕ ಹಾಕಿಕೊಂಡು, ಒಂದೊಂದೇ ಶಬ್ದಕ್ಕೆ ಬೆರಳಿಟ್ಟು ಪೂರ್ತಿ ಓದಿದರು. ಕಣ್ಣು ತುಂಬುತ್ತದೆಯೋ ಎಂದು ನಾನು ಕಾಯುತ್ತಿದ್ದೆ.

“ಚೆಂದ ಉಂಟು ಮಾಷ್ಟ್ರೆ,” ಎಂದರು. “ಇದು ಯಾರಿಗೆ?”

“ಯಾರಿಗೆ ಎಂತ ಅಣ್ಣ, ನಿಮಗೇ!”

“ನಾನು ಅಡುಗೆಯವ ಅಲ್ವಾ?”

ಹದಿನೇಳು ವರ್ಷ ಲಂಗರಿನಲ್ಲಿ, ಅಂದರೆ ಪಡೆಯ ಅಡುಗೆಮನೆಯಲ್ಲಿ, ಚಪಾತಿ ಲಟ್ಟಿಸಿದೆ ಎಂದು ಅವರು ಹೇಳಿದರು. ಅದರಲ್ಲಿ ನಾಚಿಕೆಯೂ ಇರಲಿಲ್ಲ, ಹೆಮ್ಮೆಯೂ ಇರಲಿಲ್ಲ. ಬಜಗೋಳಿಗೆ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದರೆ ಹೇಗೆ ಹೇಳುತ್ತಾರೋ ಹಾಗೆ ಹೇಳಿದರು.

ಆ ಸಂಜೆ ಸೈಕಲ್ ಅಂಗಡಿಯಲ್ಲಿ ತುರ್ತು ಸಭೆ ಸೇರಿತು. ಖಜಾಂಚಿಗೆ ವಿಪರೀತ ಸಿಟ್ಟು. “ಅಡುಗೆ ಮಾಡಲಿಕ್ಕೆ ಅಷ್ಟು ದೂರ ಯಾಕೆ ಹೋಗಬೇಕಿತ್ತು ಇವರು? ಬೊಂಬಾಯಿಯಲ್ಲಿ ನಮ್ಮವರ ಹೋಟೆಲುಗಳು ಇರಲಿಲ್ಲವಾ?” ಎಂದ. ದೇಶಕ್ಕೆಲ್ಲ ಇಡ್ಲಿ ಬಡಿಸಿದ್ದು ನಾವೇ ಎಂದು ಎದೆಯುಬ್ಬಿಸುವ ಸೀಮೆಯಲ್ಲಿ, ಅಡುಗೆಯವರೊಬ್ಬರು ಯುದ್ಧಭೂಮಿಯಲ್ಲಿ ಒಲೆ ಉರಿಸಿದರೆ ನಮಗೆ ಅವಮಾನವಾಗಿತ್ತು. ಆದರೆ ಫ್ರೇಮು ಕಟ್ಟಿ ಆಗಿದೆ. ಮಣಿಪಾಲದ ಪ್ರೊಫೆಸರರು ಮುಖ್ಯ ಅತಿಥಿಗಳು, ಕಾರ್ಕಳದ ಅಕ್ಕಿ ಮಿಲ್ಲಿನ ಧಣಿಗಳು ಸಭಾಧ್ಯಕ್ಷರು. ಕರೆಯೋಲೆ ಹಂಚಿ ಆಗಿದೆ. “ಒಂದಾದರೂ ಗುಂಡು ಹೊಡೆದಿರಬಹುದು ಮಾಷ್ಟ್ರೆ, ಇನ್ನೊಮ್ಮೆ ಹೋಗಿ ಕೇಳಿ ನೋಡಿ,” ಎಂದರು ಅಧ್ಯಕ್ಷರು.

ಮರುದಿನ ಹೋದೆ, ಕೇಳಿದೆ. ನಾಚಿಕೆ ಬಿಟ್ಟವನಿಗೆ ದಾರಿ ಹತ್ತಿರ.

“ಹೊಡೆದಿದ್ದೇನೆ. ಟ್ರೈನಿಂಗಿನಲ್ಲಿ.”

“ಬಿತ್ತಾ?”

“ಬಿತ್ತು. ಹಲಗೆ.”

ಅವರು ನಕ್ಕರು, ನಾನೂ ನಕ್ಕೆ. ಆಮೇಲೆ ಅವರು ನಗು ನಿಲ್ಲಿಸಿ ಹೇಳಿದರು: “ಶಾಲು ಹಾಕಿ, ಹಾರ ಹಾಕಿ, ಪೇಟ ಇಡಿ, ನಾನು ಕೂತುಕೊಳ್ಳುತ್ತೇನೆ. ಆದರೆ ಆ ಕಾಗದ ಓದುವುದು ಬೇಡ. ಎರ್ಮಾಳಿನ ಅಮ್ಮ ಬರ್ತಾರೆ. ಅವರ ಎದುರು ಬೇಡ.”

ಎರ್ಮಾಳಿನ ಅಮ್ಮ ಅಂದರೆ ಯಾರೆಂದು ಆಗ ಗೊತ್ತಾಯಿತು. ಮೀನುಗಾರರ ಮನೆಯ ಹೆಂಗಸು. ಅವರ ಒಬ್ಬನೇ ಮಗ ಇದೇ ಪಡೆಯಲ್ಲಿದ್ದ, ಎಪ್ಪತ್ತೊಂದರಲ್ಲಿ ಸತ್ತ. ಸತ್ತವನನ್ನು ಕೊನೆಯ ದಿನಗಳಲ್ಲಿ ನೋಡಿದವರು ಈ ಸೀಮೆಯಲ್ಲಿ ಮಿಲಿಟ್ರಿಯಣ್ಣ ಒಬ್ಬರೇ. ಮಗ ಸತ್ತ ತಿಂಗಳು ಬಂದಾಗ ವರ್ಷಕ್ಕೊಮ್ಮೆ ಆಕೆ ಒಣಮೀನಿನ ಕಟ್ಟು ಹಿಡಿದು ಇವರ ಮನೆಗೆ ಬಂದು, ಮಧ್ಯಾಹ್ನದವರೆಗೆ ಕೂತು ಹೋಗುತ್ತಿದ್ದರು. ಸನ್ಮಾನದ ಸುದ್ದಿಯನ್ನು ಖುಷಿಯಲ್ಲಿ ಇವರೇ ಅವರಿಗೆ ಹೇಳಿ ಕಳುಹಿಸಿದ್ದರು.

“ಓದುವುದಿಲ್ಲ ಅಣ್ಣ. ನನ್ನ ಮಾತು,” ಎಂದೆ. ಇದು ದೊಡ್ಡವರ ವಿನಯ ಎಂದುಕೊಂಡೆ. ಅಧ್ಯಕ್ಷರಿಗೂ ಹಾಗೆಯೇ ಹೇಳಿದೆ.

ಸಭೆಯ ದಿನ ಮೊದಲ ಸಾಲಿನ ತುದಿಯಲ್ಲಿ ಆ ಅಮ್ಮ ಕೂತಿದ್ದರು. ಒಗೆದ ಸೀರೆ, ಮಡಿಲಲ್ಲಿ ಒಂದು ಕೈಚೀಲ. ವೇದಿಕೆಯ ಮೇಲೆ ಪೇಟ ಇಟ್ಟುಕೊಂಡು ಮಿಲಿಟ್ರಿಯಣ್ಣ ಮದುಮಗನ ಹಾಗೆ ತಲೆ ತಗ್ಗಿಸಿ ಕೂತಿದ್ದರು. ಪ್ರೊಫೆಸರರು ನಿಮ್ಮ ಪತ್ರದ ಬಗ್ಗೆ ಮಣಿಪಾಲದಲ್ಲೂ ಕೇಳಿದ್ದೇನೆ ಎಂದು ನನ್ನ ಕಿವಿಯಲ್ಲಿ ಹೇಳಿದರು. ಅಷ್ಟು ಸಾಕಾಯಿತು. ಮೈಕು ಎದುರಿಗಿತ್ತು, ಗಾಜಿನ ಫ್ರೇಮು ಕೈಯಲ್ಲಿತ್ತು. ಮೊದಲ ಸಾಲು ಮಾತ್ರ ಓದಿ ನಿಲ್ಲಿಸೋಣ ಎಂದುಕೊಂಡವನು ‘ಧೂಳೀಪಟ’ದ ಹತ್ತಿರ ಬಂದಾಗ ಸ್ವರ ಏರಿಸಿದ್ದೆ. ನಾಲ್ಕೂ ಪ್ಯಾರಾ ಓದಿದೆ. ಚಪ್ಪಾಳೆ ಬಿತ್ತು. ಸತ್ಯ ಹೇಳುತ್ತೇನೆ, ಆ ಹೊತ್ತಿಗೆ ನನಗೆ ಮಿಲಿಟ್ರಿಯಣ್ಣನ ನೆನಪೂ ಇರಲಿಲ್ಲ, ಅಮ್ಮನ ನೆನಪೂ ಇರಲಿಲ್ಲ.

ಸಭೆ ಮುಗಿದು, ವೇದಿಕೆಯ ಪಕ್ಕದಲ್ಲಿ ಅತಿಥಿಗಳಿಗೆ ಚಹಾ ಕೊಡುತ್ತಿದ್ದಾಗ ಆಕೆ ಬಂದರು. ನನ್ನ ದೊಡ್ಡ ಕನ್ನಡ ಅವರಿಗೆ ತಿಳಿದಿರಲಿಲ್ಲ. ಪಕ್ಕದಲ್ಲಿ ಕೂತವರು ತುಳುವಿನಲ್ಲಿ ಬಿಡಿಸಿ ಹೇಳಿದ್ದರಂತೆ. ಹಾರ ತೆಗೆಯುತ್ತಿದ್ದ ಮಿಲಿಟ್ರಿಯಣ್ಣನ ಎದುರು ನಿಂತು ಕೇಳಿದರು:

“ನೀವು ಎದುರಿಗೇ ನಿಂತು ಯುದ್ಧ ಮಾಡಿದ್ದಂತೆ. ನನ್ನ ಹತ್ತಿರ ಗುಡ್ಡದ ಕೆಳಗೆ ಅಡುಗೆಯಲ್ಲಿ ಇದ್ದೆ ಅಂದಿದ್ದಿರಿ. ಹಾಗಾದರೆ ಅವನ ವಿಷಯ ಹೇಳಿದ್ದೂ ಸುಳ್ಳಾ?”

ಮಿಲಿಟ್ರಿಯಣ್ಣ ನನ್ನ ಮುಖ ನೋಡಿದರು. ನಾನು ಹೇಳಬೇಕಾದದ್ದು ಒಂದೇ ಮಾತು: ಅಮ್ಮ, ಸುಳ್ಳು ಬರೆದವನು ನಾನು. ಪಕ್ಕದಲ್ಲಿ ಪ್ರೊಫೆಸರರು ಚಹಾ ಕುಡಿಯುತ್ತಿದ್ದರು, ಧಣಿಗಳು ನನ್ನ ಬೆನ್ನು ತಟ್ಟಿ ಆಗಷ್ಟೇ ಪಕ್ಕಕ್ಕೆ ಸರಿದಿದ್ದರು. ನಾಲ್ಕು ಪ್ಯಾರಾ ಉಸಿರು ಬಿಡದೆ ಓದಿದ ನಾಲಿಗೆ ಒಂದು ಮಾತಿಗೆ ಏಳಲಿಲ್ಲ.

“ಮಾಷ್ಟ್ರು ನನ್ನ ಹತ್ತಿರ ಕೇಳದೆ ಬರೆದದ್ದು ಅಮ್ಮ,” ಎಂದರು ಅವರೇ, ಎಲ್ಲರಿಗೂ ಕೇಳುವ ಹಾಗೆ. “ನಾನು ಅಡುಗೆಯವನೇ. ಯುದ್ಧದಲ್ಲಿ ಒಂದು ಗುಂಡೂ ಹೊಡೆದವ ಅಲ್ಲ.”

“ಹಾಗಾದರೆ ಅವನು ಆ ದಿನ ಉಂಡದ್ದು ಹೌದು?”

“ಹೌದು. ಬೆಳಗ್ಗೆ ಕೆಳಗೆ ಬಂದು ಉಂಡೇ ಹೋಗಿದ್ದ. ಎರಡು ಸಲ ಹಾಕಿಸಿಕೊಂಡಿದ್ದ.”

ಆಕೆ ನನ್ನನ್ನು ಒಮ್ಮೆ ನೋಡಿದರು. ಬೈದಿದ್ದರೆ ಒಳ್ಳೆಯದಿತ್ತು. ಕೈಚೀಲ ಎತ್ತಿಕೊಂಡು ಬಸ್ಸಿಗೆ ಹೋದರು. ಪ್ರೊಫೆಸರರು ಚಹಾದ ಲೋಟ ಇಟ್ಟು ಗಂಟೆ ನೋಡಿಕೊಂಡರು.

ಮರುದಿನ ಬೆಳಗ್ಗೆ ಕ್ಷಮೆ ಕೇಳಲು ಹೋದೆ. ಫ್ರೇಮು ಪೇಪರಿನಲ್ಲಿ ಸುತ್ತಿ ಜಗಲಿಯ ಮೇಲೆ ನನಗಾಗಿ ಕಾಯುತ್ತಿತ್ತು. ಮಿಲಿಟ್ರಿಯಣ್ಣ ಬಸಳೆಗೆ ನೀರು ಹೊಯ್ಯುತ್ತಿದ್ದರು. ನಾನು ಏನೇನೋ ತೊದಲಿದೆ. ಅವರು ಕೊಡಪಾನ ಕೆಳಗಿಟ್ಟು ಜಗಲಿಯಲ್ಲಿ ಕೂತರು.

“ಆ ದಿನ ಊಟ ಮೇಲೆ ಹೋಗಲೇ ಇಲ್ಲ ಮಾಷ್ಟ್ರೆ,” ಎಂದರು. “ಅವ ಕೆಳಗೆ ಬಂದದ್ದೇ ಇಲ್ಲ. ಮೇಲೆ ಪೋಸ್ಟಿನಲ್ಲಿ ಇದ್ದ. ಬೆಳಗ್ಗಿನಿಂದ ಶೆಲ್ ಬೀಳ್ತಾ ಇತ್ತು. ಊಟ ಹೊತ್ತುಕೊಂಡು ಹೋದ ಇಬ್ಬರು ಅರ್ಧ ದಾರಿಯಿಂದ ವಾಪಸು ಬಂದರು. ಹಿಂದಿನ ದಿನವೂ ಹಾಗೇ ಆಗಿತ್ತು. ಎರಡು ದಿನ ಹಸಿದುಕೊಂಡೇ ಇದ್ದರು ಆ ಮಕ್ಕಳು. ಸಂಜೆ ನಾವು ಹೊಂಡ ತೋಡಿ ಅಡುಗೆಯನ್ನು ಅದಕ್ಕೆ ಹಾಕಿ ಮುಚ್ಚಿದೆವು.”

ಅವರು ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡರು.

“ಅಮ್ಮ ಮೊದಲನೇ ಸಲ ಬಂದಾಗ ಹೇಗೆ ಸತ್ತ ಅಂತ ಕೇಳಲಿಲ್ಲ, ಎಲ್ಲಿಗೆ ತಾಗಿತು ಅಂತ ಕೇಳಲಿಲ್ಲ. ಉಂಡಿದ್ದನಾ ಅಂತ ಕೇಳಿದರು. ನಾನು ಅಡುಗೆಯವ, ಎಂತ ಹೇಳುವುದು? ಉಂಡಿದ್ದ ಅಂದೆ. ಈಗ ಅದನ್ನು ವರ್ಷ ವರ್ಷ ಹೇಳ್ತೇನೆ. ನನ್ನ ಲೆಕ್ಕದಲ್ಲಿ ಒಂದೇ ಸುಳ್ಳಿಗೆ ಜಾಗ ಇರುವುದು. ಇನ್ನೊಂದು ಸಿಕ್ಕಿಬಿದ್ದರೆ ಇದನ್ನೂ ಅವರು ನಂಬಲಿಕ್ಕಿಲ್ಲ. ಅದಕ್ಕೆ ಬೇಡ ಅಂದದ್ದು.”

ನನಗೆ ಅಳು ಬಂತು. ಅವರಿಗೆ ಅದು ಇಷ್ಟವಾಗಲಿಲ್ಲ. ಚಹಾ ಮಾಡಲು ಒಳಗೆ ಹೋದರು. ನಾನು ಫ್ರೇಮು ತೆಗೆದುಕೊಂಡು ಹೋಗಿ ಅಟ್ಟಕ್ಕೆ ಹಾಕಿದೆ. ಆಮೇಲೆ ಪತ್ರ ಬರೆಯುವುದನ್ನು ಬಿಟ್ಟೆ ಎಂದು ಹೇಳಿದರೆ ಕತೆ ಚೆಂದವಾದೀತು. ಬಿಡಲಿಲ್ಲ. ಮುಂಚಿತವಾಗಿ ಕೇಳಿ ಬರೆಯುವ ಅಭ್ಯಾಸ ಮಾಡಿಕೊಂಡೆ, ಅದರಿಂದ ಪತ್ರಗಳು ಗಿಡ್ಡವಾದವು, ಬೇಡಿಕೆಯೂ ಕಡಿಮೆಯಾಯಿತು.

ಎಂಬತ್ತರ ದಶಕದ ನಡುವೆ ಒಂದು ಆಟಿ ತಿಂಗಳ ಜಡಿಮಳೆಯಲ್ಲಿ ಮಿಲಿಟ್ರಿಯಣ್ಣ ತೀರಿಕೊಂಡರು. ಜ್ವರ ಬಂದು ಮೂರೇ ದಿನ. ಬ್ಯೂಗಲ್ ಊದುವವರಾಗಲೀ ಧ್ವಜ ಹೊದೆಸುವವರಾಗಲೀ ಬರಲಿಲ್ಲ. ಯುವಕ ಮಂಡಲದವರು ಸಂತಾಪ ಸಭೆ ಮಾಡಿ ಒಂದು ನಿಮಿಷ ಮೌನ ಆಚರಿಸಿದರು. ಅಧ್ಯಕ್ಷರಿಗೆ ಅಂಗಡಿ ತೆರೆಯುವ ಅವಸರವಿದ್ದುದರಿಂದ ಅದು ಇಪ್ಪತ್ತು ಸೆಕೆಂಡಿಗೆ ಮುಗಿಯಿತು. ಮಾತಾಡಿದವರೆಲ್ಲ ಅವರ ಕ್ಯಾಂಟೀನಿನ ಉದಾರತೆಯನ್ನು ನೆನೆದರು.

ಡಿಸೆಂಬರಿನಲ್ಲಿ ಎರ್ಮಾಳಿನ ಅಮ್ಮ ಬಂದರು. ಮಿಲಿಟ್ರಿಯಣ್ಣನ ಹೆಂಡತಿ ತವರಿಗೆ ಹೋಗಿದ್ದರು, ಮನೆಗೆ ಬೀಗ. ಯಾರೋ ದಾರಿ ತೋರಿಸಿ ಅವರನ್ನು ನಮ್ಮ ಮನೆಗೆ ಕಳುಹಿಸಿದರು. ತುಂಬ ಮುದುಕಿಯಾಗಿದ್ದರು. ನೀರು ಬೆಲ್ಲ ಕೊಟ್ಟೆ. ಕುಡಿದು, ಒಣಮೀನಿನ ಕಟ್ಟನ್ನು ಜಗಲಿಯ ಮೇಲಿಟ್ಟರು.

“ಮಾಷ್ಟ್ರೆ, ಅವರು ನಿಮ್ಮ ಹತ್ತಿರವೂ ಹೇಳಿರಬೇಕಲ್ಲ. ಅವನು ಆ ದಿನ ಉಂಡಿದ್ದನಾ?”

ಆ ಸೀಮೆಯಲ್ಲಿ ನನ್ನಷ್ಟು ಸುಳ್ಳನ್ನು ಅಚ್ಚು ಹಾಕಿಸಿದವನು ಇನ್ನೊಬ್ಬನಿಲ್ಲ, ಆದರೂ ಸ್ವರ ನಡುಗಿತು. “ಉಂಡಿದ್ದನಂತೆ ಅಮ್ಮ. ಎರಡು ಸಲ ಹಾಕಿಸಿಕೊಂಡಿದ್ದನಂತೆ.”

“ಎಂತ ಇತ್ತಂತೆ ಊಟಕ್ಕೆ?”

ಅದನ್ನು ನಾನು ಕೇಳಿರಲಿಲ್ಲ. ಈ ಸಲವೂ ಕೇಳದೆ ಹೇಳಲು ಹೊರಟಿದ್ದೆ. “ಚಪಾತಿ,” ಎಂದೆ, “ಬಟಾಟೆ ಪಲ್ಯ.”

ಅಮ್ಮ ನನ್ನ ಮುಖವನ್ನೇ ನೋಡಿದರು. ಸಿಟ್ಟಿರಲಿಲ್ಲ. ಶಾಲೆಯಲ್ಲಿ ಮಗ್ಗಿ ತಪ್ಪಿದ ಮಗುವನ್ನು ನಾನು ಎಷ್ಟೋ ಸಲ ಹಾಗೆ ನೋಡಿದ್ದೆ. ನಾನು ಹೇಳುತ್ತಿರುವುದು ಎಂತಹದ್ದೆಂದು ಅವರಿಗೆ ಗೊತ್ತಾಯಿತು. ಮಿಲಿಟ್ರಿಯಣ್ಣ ಹೇಳಿದ್ದು ಎಂತಹದ್ದೆಂಬುದೂ ಬಹುಶಃ ಎಂದೋ ಗೊತ್ತಿತ್ತು.

“ಅವರು ಕಡ್ಲೆ ಅಂತ ಹೇಳ್ತಿದ್ದರು ಮಾಷ್ಟ್ರೆ,” ಎಂದರು ಮೆಲ್ಲಗೆ. “ಚಪಾತಿ, ಕಡ್ಲೆ. ನೀವೂ ಹಾಗೇ ಹೇಳಿ.”

ನಾನು ಹಾಗೇ ಹೇಳಿದೆ.