ಗೀಸರ್ ಸ್ವಿಚ್ಚಿಗೆ ನಾನು ಕೊಟ್ಟ ಹೆಸರು

ಸುಬ್ರಹ್ಮಣ್ಯದ ಆ ಲಾಡ್ಜಿನ ಕೋಣೆಯಲ್ಲಿ ಕುಶಾಲಣ್ಣ ಕ್ಯಾಮೆರಾ ಇಟ್ಟಿರಲಿಲ್ಲ. ಅಲ್ಲಿ ಕ್ಯಾಮೆರಾವೇ ಇರಲಿಲ್ಲ. ಅದನ್ನು ಹುಟ್ಟಿಸಿದವಳು ನಾನು — ಕಂಪ್ಯೂಟರಿನಲ್ಲಿ ಒಂದು ಸಾಲಿನ ನಿಯಮ ಬರೆದು. ಇಷ್ಟು ಬರೆಯುವಷ್ಟರಲ್ಲೇ ಉಸಿರು ಸಡಿಲವಾಗಿದೆ.

ಪುತ್ತೂರಿನಿಂದ ಓಡಾಡಿ ಲಾಡ್ಜು, ಆಸ್ಪತ್ರೆಗಳ ವೈಫೈ ನೋಡಿಕೊಳ್ಳುವುದು ನನ್ನ ಕೆಲಸ. ಹೊಸ ಸಾಧನವೊಂದು ಜಾಲಕ್ಕೆ ಸೇರಿದರೆ ಅದು ಫೋನೋ ಟಿವಿಯೋ ಕ್ಯಾಮೆರಾವೋ ಎಂದು ನಮ್ಮ ಸಾಫ್ಟ್‌ವೇರ್ ಹೆಸರಿಸುತ್ತದೆ. ಯಾವ ಗುರುತಿಗೆ ಯಾವ ಹೆಸರು ಎಂಬ ನಿಯಮ ಬರೆಯುವವಳು ನಾನು. ಒಂದು ಕಂಪೆನಿಯ ಚಿಪ್ ಇದ್ದದ್ದೆಲ್ಲ ಕ್ಯಾಮೆರಾ ಎಂದು ಬರೆದಿದ್ದೆ. ಅಲ್ಲಿಯವರೆಗೆ ನಾನು ಕಂಡವೆಲ್ಲ ಕ್ಯಾಮೆರಾಗಳೇ — ಅಷ್ಟೇ ಆಧಾರ.

ಕುಶಾಲಣ್ಣ ಸುಳ್ಯದ ಕಡೆಯವರು. ಲಾಡ್ಜಿನ ನೀರು, ಕರೆಂಟು ಅವರ ಉಸ್ತುವಾರಿ. ಬಂದವರು ಗೀಸರ್ ಆರಿಸದೆ ದೇವಸ್ಥಾನಕ್ಕೆ ಹೋಗುತ್ತಿದ್ದರು. ಮೆಟ್ಟಿಲು ಹತ್ತಿ ಹತ್ತಿ ಸೋತ ಅವರು, ಕೆಳಗಿನಿಂದಲೇ ಫೋನಿನಲ್ಲಿ ಆರಿಸಬಹುದಾದ ವೈಫೈ ಸ್ವಿಚ್ಚು ತಂದು ಒಂದು ಕೋಣೆಯಲ್ಲಿ ಹಾಕಿ ನೋಡಿದ್ದರು. ಅದರೊಳಗೂ ಅದೇ ಕಂಪೆನಿಯ ಚಿಪ್. ನನ್ನ ಪರದೆಯಲ್ಲಿ ಅದು ಕಂಡದ್ದು — ಕೋಣೆಯೊಳಗೆ ಕ್ಯಾಮೆರಾ.

ನಾನು ತಿಳಿಸಿದ್ದೇ ಲಾಡ್ಜಿನ ಮಾಲಕರು ಕೋಣೆ ಜಾಲಾಡಿಸಿದರು. ಏನೂ ಸಿಗಲಿಲ್ಲ.

"ಅದು ಗೀಸರಿನ ಸ್ವಿಚ್ಚು ಮಾರಾಯ್ತಿ. ತೆಗ್ದು ನೋಡುವ, ನಿನ್ನ ಪರದೆಯಿಂದ ಹೋಗ್ತದಾ ಇಲ್ವಾ," ಎಂದರು ಕುಶಾಲಣ್ಣ.

ಒಂದು ನಿಮಿಷದ ಪರೀಕ್ಷೆ. ಜ್ಯೋತಿಷಿಗಳ ಹತ್ತಿರವೆಲ್ಲ ಪುರಾವೆ ಕೇಳುತ್ತಿದ್ದ ನಾನು — ಚರ್ಚಾಸ್ಪರ್ಧೆಯಲ್ಲಿ ಗೆದ್ದ ಕಪ್‌ಗಳನ್ನು ಮನೆಯಲ್ಲಿ ಸಾಲಾಗಿ ಇಟ್ಟವಳು — ಅದನ್ನು ಮಾಡಲಿಲ್ಲ.

"ಸಿಗಲಿಲ್ಲ ಅಂದ್ರೆ ಇಲ್ಲ ಅಂತಲ್ಲ," ಎಂದೆ. "ಅಡಗಿಸಿದವರು ಚೆನ್ನಾಗಿ ಅಡಗಿಸಿದ್ದಾರೆ ಅಂತ."

ಕೌಂಟರಿನ ಮುಂದೆ ಸೇರಿದ್ದವರೆಲ್ಲ ಕುಶಾಲಣ್ಣನ ಕಡೆ ನೋಡಿದರು. ವಾದ ಗೆದ್ದಾಗ ಆಗುವ ಆ ಸಣ್ಣ ಖುಷಿ — ಹೌದು, ಅದೂ ಆಯಿತು ನನಗೆ. ಅವರ ಕೆಲಸ ಹೋಯಿತು. ಕ್ಯಾಮೆರಾ ಇಟ್ಟವನೆಂಬ ಮಾತು ಮಾತ್ರ ಅವರ ಹಿಂದೆಯೇ ಊರಿಗೆ ಹೋಯಿತು.

ಕೆಲವು ತಿಂಗಳ ನಂತರ ಪುತ್ತೂರಿನ ಆಸ್ಪತ್ರೆಯೊಂದರಲ್ಲಿ ನೀರಿನ ಪಂಪಿನ ಸ್ವಿಚ್ಚು 'ಕ್ಯಾಮೆರಾ' ಎಂದು ಕಂಡಿತು. ಕಿತ್ತೆ. ಕ್ಯಾಮೆರಾ ಮಾಯ. ನಿಯಮವನ್ನು ಅಲ್ಲೇ ಕೂತು ತಿದ್ದಿದೆ, ಯಾರಿಗೂ ಹೇಳಲಿಲ್ಲ. ಹೇಳಬಹುದಿತ್ತು — ಅವತ್ತೇ.

ಈ ವರ್ಷ ಗುಂಡ್ಯದಲ್ಲಿ ಕುಶಾಲಣ್ಣನ ರಿಪೇರಿ ಅಂಗಡಿ ಹುಡುಕಿಕೊಂಡು ಹೋದೆ. ಮಿಕ್ಸಿಯೊಂದನ್ನು ಬಿಚ್ಚುತ್ತಿದ್ದರು. ಎಲ್ಲ ಹೇಳಿದೆ. ಅವರು ತಲೆ ಎತ್ತದೆಯೇ ಹೇಳಿದರು:

"ನನ್ನತ್ರ ಹೇಳಿ ಎಂತ ಉಂಟು? ನಾನು ಇಟ್ಟಿಲ್ಲ ಅಂತ ನನಗೆ ಮೊದಲೇ ಗೊತ್ತುಂಟಲ್ಲ. ಅಲ್ಲಿ ಹೋಗಿ ಹೇಳು."

ಹೋದೆ. ಲಾಡ್ಜಿನ ಅದೇ ಕೌಂಟರಿನ ಮುಂದೆ, ಅದೇ ಜನರನ್ನು ಕರೆದು, ಅಂಥದೇ ಸ್ವಿಚ್ಚು ಹಾಕಿ, ಹಳೆಯ ನಿಯಮದಲ್ಲಿ ಅದು ಕ್ಯಾಮೆರಾ ಆಗುವುದನ್ನೂ ಕಿತ್ತಾಗ ಹೋಗುವುದನ್ನೂ ತೋರಿಸಿದೆ. ತಪ್ಪು ನನ್ನದೆಂದೆ. ಎದೆಯ ಮೇಲಿನ ಕಲ್ಲು ಇಳಿಯಿತು. ಮಾಲಕರು ಅಲ್ಲಿಂದಲೇ ಕುಶಾಲಣ್ಣನಿಗೆ ಫೋನು ಮಾಡಿ ಕ್ಷಮೆ ಕೇಳಿದರು, ವಾಪಸು ಕರೆದರು. ಅವರು ಬರಲಿಲ್ಲ.

ಈಗ ನನ್ನ ನಿಯಮಗಳಲ್ಲಿ, ಖಚಿತವಿಲ್ಲದ್ದಕ್ಕೆಲ್ಲ 'ಗೊತ್ತಿಲ್ಲ' ಎಂದೇ ಹೆಸರು.

"ಇಷ್ಟು ಓದಿ ಗೊತ್ತಿಲ್ಲ ಅನ್ನುದಾ ಮಾರಾಯ್ತಿ?" ಎಂದು ಮಾಲಕರು ಕೆಣಕುತ್ತಾರೆ.

"ಹೌದು, ಗೊತ್ತಿಲ್ಲ. ನೋಡಿ ಬರ್ತೇನೆ," ಎನ್ನುತ್ತೇನೆ. ಕುಶಾಲಣ್ಣ ಹತ್ತಿ ಸೋತಿದ್ದ ಆ ಮೆಟ್ಟಿಲುಗಳನ್ನು ಈಗ ನಾನು ಹತ್ತುತ್ತೇನೆ.