ತುಟಿ ನಿಂತರೂ ಬಂದ ಉತ್ತರ

ಲ್ಯಾಪ್‌ಟಾಪ್ ತೆರೆಯಲ್ಲಿದ್ದ ಹುಡುಗಿಯ ತುಟಿ ನಿಂತಿತ್ತು, ಉತ್ತರ ಮಾತ್ರ ಇನ್ನೂ ಕೇಳಿಬರುತ್ತಿತ್ತು. ದೊಡ್ಡ ತಂತ್ರಜ್ಞಾನ ಕಂಪನಿಯೊಂದರಲ್ಲಿರುವ ನಾನು ತೀರ್ಥಹಳ್ಳಿಯ ಮನೆಯಿಂದಲೇ ಕೆಲಸ ಮಾಡುತ್ತೇನೆ. ಅಂದು ಹೊಸಬರ ಸಂದರ್ಶನ ನಡೆಸುತ್ತಿದ್ದೆ. ಉತ್ತರಗಳೇನೋ ಬಹಳ ಚೆನ್ನಾಗಿದ್ದವು, ಆದರೆ ಹುಡುಗಿ ಬರೀ ಬಾಯಿ ಆಡಿಸುತ್ತಿದ್ದಳು. ಅರ್ಜಿಯಲ್ಲಿ ಊರು ಹೊಸನಗರ ಎಂದಿದ್ದುದರಿಂದ ಕನ್ನಡದಲ್ಲೇ ಕೇಳಿದೆ: "ಮಾತಾಡ್ತಿರೋದು ಯಾರು?"

ಅವಳು ಪಕ್ಕಕ್ಕೆ ನೋಡಿ ಎದ್ದುಹೋದಳು. ಆ ಕುರ್ಚಿಗೆ ಇನ್ನೊಬ್ಬಾಕೆ ಬಂದು ಕೂತಳು. ಮುಖದ ಅರ್ಧ ಭಾಗಕ್ಕೆ ಸುಟ್ಟ ಗಾಯದ ಹಳೆಯ ಕಲೆಯಿತ್ತು.

"ಅರ್ಜಿ ಹಾಕಿದ್ದೂ ನಾನೇ, ಉತ್ತರ ಹೇಳಿದ್ದೂ ನಾನೇ ಮೇಡಂ. ಅವಳು ನನ್ನ ತಂಗಿ. ನನ್ನ ಮುಖ ಕಂಡ ಕೂಡ್ಲೆ ಎಲ್ರೂ ಬೇಗ ಮುಗಿಸಿಬಿಡ್ತಾರೆ. ಒಂದ್ಸಲ ಆದ್ರೂ ಪೂರ್ತಿ ಪ್ರಶ್ನೆ ಕೇಳ್ಲಿ ಅಂತ ಹಿಂಗ್ ಮಾಡಿದ್ವಿ."

ಉಳಿದ ಪ್ರಶ್ನೆಗಳನ್ನೆಲ್ಲ ಕೇಳಿದೆ. ಆಕೆ ಒಂದಕ್ಕೂ ತಡವರಿಸಲಿಲ್ಲ. ನಡೆದದ್ದನ್ನೂ, ಉತ್ತರಗಳು ಹೇಗಿದ್ದವು ಎಂಬುದನ್ನೂ ಇದ್ದ ಹಾಗೇ ಕಂಪನಿಗೆ ತಿಳಿಸಿದೆ. ತನ್ನ ಬದಲು ಬೇರೆಯವರನ್ನು ಕೂರಿಸಿದ್ದು ನಿಯಮಕ್ಕೆ ವಿರುದ್ಧ ಎಂದು ಕಂಪನಿಯವರು ಆಕೆಗೆ ಕೆಲಸ ಕೊಡಲಿಲ್ಲ. ನಿಯಮ ಬೇಡವೆನ್ನಲು ನನ್ನಿಂದಲೂ ಆಗಲಿಲ್ಲ.

ಆಕೆ ಈಗ ಎಲ್ಲಿದ್ದಾಳೋ ಗೊತ್ತಿಲ್ಲ. ಅಂದಿನಿಂದ ನಾನು ಯಾರ ಸಂದರ್ಶನ ಮಾಡಿದರೂ ಮೊದಲ ಕೆಲವು ಪ್ರಶ್ನೆಗಳನ್ನು ಇಬ್ಬರ ಕ್ಯಾಮೆರಾವನ್ನೂ ಆರಿಸಿಯೇ ಕೇಳುತ್ತೇನೆ. ಮುಖ ನೋಡುವುದು ಆಮೇಲೆ.